ಕೆಡುವುದು ಸ್ಕ್ರಿಪ್ಟ್ ಅಲ್ಲ, ಪೆನ್‌ಡ್ರೈವ್: ಆಸುಸ್ ಎಎಕ್ಸ್86ಯು ರೌಟರ್ ಮೇಲೆ ಮರ್ಲಿನ್, ದೀರ್ಘ ಬಳಕೆಯ ವಿಮರ್ಶೆ

ಅಂಕಪಟ್ಟಿ ಮೊದಲೇ ಕೊಟ್ಟುಬಿಡುವೆ. ರೌಟರ್‌ಗೆ ಐದಕ್ಕೆ ನಾಲ್ಕು, ಅದನ್ನು ನಡೆಸುವ ಒಳಗಿನ ತಂತ್ರಾಂಶವಾದ ಮರ್ಲಿನ್ ಫರ್ಮ್‌ವೇರ್‌ಗೆ ಐದಕ್ಕೆ ಐದು, ಹಿಂಬದಿಯಲ್ಲಿ ಚುಚ್ಚುವ ಅಗ್ಗದ ಪೆನ್‌ಡ್ರೈವ್‌ಗೆ ಒಂದು. ಆ ಒಂದೂ ಕರುಣೆಯಿಂದ. ರೌಟರ್‌ಗೆ ಸ್ಕ್ರಿಪ್ಟ್ (ತಾನಾಗಿ ಓಡುವ ಆದೇಶಗಳ ಸಣ್ಣ ಫೈಲ್) ಹಾಕಿ ಆರು ತಿಂಗಳಲ್ಲಿ "ಇದು ಸರಿ ಇಲ್ಲ" ಎಂದು ತೆಗೆದುಹಾಕುವವರಲ್ಲಿ ಬಹುಪಾಲು ಜನರಿಗೆ ಕೈಕೊಟ್ಟಿರುವುದು ಡಿಸ್ಕ್ ಇಲ್ಲವೇ ಕರೆಂಟ್. ಹಾಗಾಗಿ ಈ ವಿಮರ್ಶೆಯಲ್ಲಿ ಅವೆರಡರ ಮಾತೇ ಹೆಚ್ಚು.

ಗೊತ್ತಿಲ್ಲದವರಿಗೆ: ಆಸುಸ್ ಕಂಪನಿಯ ಮೂಲ ಫರ್ಮ್‌ವೇರನ್ನೇ ಇಟ್ಟುಕೊಂಡು, ಕೆನಡಾದ ಎರಿಕ್ ಸೊವಾಜೊ ಎಂಬ ಡೆವಲಪರ್ ತಿದ್ದಿ ತೀಡಿ ಉಚಿತವಾಗಿ ಕೊಡುವುದು ಆಸುಸ್‌ಡಬ್ಲ್ಯುಆರ್‌ಟಿ-ಮರ್ಲಿನ್. ನೋಡಲು ಅದೇ ಪುಟ, ಅದೇ ಮೆನು. ವೈಫೈ ಡ್ರೈವರ್ ಕೂಡ ಆಸುಸ್ ಕೊಟ್ಟದ್ದೇ, ಆದ್ದರಿಂದ ಇದನ್ನು ಹಾಕಿದರೆ ಅಡುಗೆಮನೆಗೂ ಸಿಗ್ನಲ್ ಬರುತ್ತದೆ ಎಂಬ ಆಸೆ ಬೇಡ. ಸಿಗುವುದು ಬೇರೆ: ನಮ್ಮದೇ ಸ್ಕ್ರಿಪ್ಟ್ ಓಡಿಸುವ ಸ್ವಾತಂತ್ರ್ಯ, ಯುಎಸ್‌ಬಿ ಡಿಸ್ಕ್ ಮೇಲೆ ಎಂಟ್‌ವೇರ್ ಎಂಬ ಪ್ಯಾಕೇಜ್ ಭಂಡಾರ, ಜಾಹೀರಾತು ತಡೆಯಿಂದ ಹಿಡಿದು ಫೈರ್‌ವಾಲ್‌ವರೆಗೆ ಸಿದ್ಧ ಸ್ಕ್ರಿಪ್ಟ್‌ಗಳ ಸಾಲು.

ಕೊಳ್ಳುವ ಮುನ್ನ ಒಂದು ಎಚ್ಚರಿಕೆ. ಮರ್ಲಿನ್ ನಡೆಯುವುದು ಬ್ರಾಡ್‌ಕಾಮ್ ಚಿಪ್ ಇರುವ ಆಸುಸ್ ಮಾದರಿಗಳಲ್ಲಿ, ಅದರಲ್ಲೂ ಬೆಂಬಲಿತ ಪಟ್ಟಿಯಲ್ಲಿ ಇರುವವುಗಳಲ್ಲಿ ಮಾತ್ರ. ಅಗ್ಗಕ್ಕೆ ಸಿಗುವ ಎಎಕ್ಸ್53ಯು ಮೀಡಿಯಾಟೆಕ್ ಚಿಪ್ಪಿನದು, ಅದಕ್ಕೆ ಇದು ಇಲ್ಲ. ಹೆಸರಿನಲ್ಲಿ ಒಂದು ಅಂಕಿ ಆಚೀಚೆ ಆದರೂ ಒಳಗಿನ ಚಿಪ್ ಬೇರೆಯಾಗಿರುತ್ತದೆ. ಮಾದರಿ ಸಂಖ್ಯೆಯನ್ನು ಅಕ್ಷರ ಬಿಡದೆ ಹೋಲಿಸಿ. ಇಲ್ಲಿ ಬರೆದಿರುವುದು ಆರ್‌ಟಿ-ಎಎಕ್ಸ್86ಯು ಬಗ್ಗೆ: 1.8 ಗಿಗಾಹರ್ಟ್ಸ್ ನಾಲ್ಕು ಕೋರ್, 1 ಜಿಬಿ ರ‍್ಯಾಮ್, 256 ಎಂಬಿ ಫ್ಲ್ಯಾಶ್, ಎರಡು ಯುಎಸ್‌ಬಿ 3.2 ಪೋರ್ಟ್. ಹಳೆಯ ಎಸಿ68ಯು ಇದ್ದವರೂ ಇದನ್ನೇ ಅನುಸರಿಸಬಹುದು, ಆದರೆ ಅದರ ರ‍್ಯಾಮ್ 256 ಎಂಬಿ ಮಾತ್ರ. ಮನೆಗೆ ಒಂದು ಸ್ಕ್ರಿಪ್ಟ್ ಸಾಕು ಎನ್ನುವವರಿಗೆ ಸರಿ, ಅದಕ್ಕಿಂತ ಹೆಚ್ಚು ಹೊರಿಸಿದರೆ ಏದುಸಿರು ಬಿಡುತ್ತದೆ.

ಫರ್ಮ್‌ವೇರ್ ಹಾಕುವುದು ಸುಲಭ. ಜಿಪ್ ಬಿಚ್ಚಿ, ಜೊತೆಗೆ ಬರುವ ಶಾ256 ಮೊತ್ತ (ಫೈಲ್ ಕೆಟ್ಟಿಲ್ಲ ಎಂದು ತೋರಿಸುವ ಗುರುತು) ತಾಳೆ ನೋಡಿ, ಅಡ್ಮಿನಿಸ್ಟ್ರೇಷನ್ ಮೆನುವಿನ ಫರ್ಮ್‌ವೇರ್ ಅಪ್‌ಗ್ರೇಡ್ ಪುಟದಲ್ಲಿ ಏರಿಸಿದರೆ ಆಯಿತು. ಈ ಹೊತ್ತಿನಲ್ಲಿ ಯುಎಸ್‌ಬಿ ಡಿಸ್ಕ್ ಹೊರಗಿರಲಿ. ಫೈಲ್ ಮೊದಲು ರ‍್ಯಾಮ್‌ಗೆ ಇಳಿಯುತ್ತದೆ. 256 ಎಂಬಿಯ ಮಾದರಿಗಳಲ್ಲಿ ಡಿಸ್ಕ್, ಸ್ಕ್ರಿಪ್ಟ್ ಎಲ್ಲ ಜಾಗ ಹಿಡಿದು ಕೂತಿದ್ದರೆ ಅರ್ಧದಲ್ಲಿ ನಿಲ್ಲುತ್ತದೆ.

ಆಮೇಲೆ ಅಡ್ಮಿನಿಸ್ಟ್ರೇಷನ್ ಅಡಿಯ ಸಿಸ್ಟಮ್ ಪುಟದಲ್ಲಿ ಎರಡು ಕಡೆ ಕೈ ಹಾಕಬೇಕು. ಒಂದು, ಜೆಎಫ್‌ಎಫ್‌ಎಸ್ ಕಸ್ಟಮ್ ಸ್ಕ್ರಿಪ್ಟ್ಸ್ ಎನ್ನುವುದನ್ನು ಯೆಸ್ ಮಾಡುವುದು. ಜೆಎಫ್‌ಎಫ್‌ಎಸ್ ಎಂದರೆ ರೌಟರ್‌ನ ಒಳಗಿನ ಫ್ಲ್ಯಾಶ್‌ನಲ್ಲಿ ನಮಗೆಂದು ಬಿಟ್ಟಿರುವ ಸಣ್ಣ ಕೋಣೆ. ಫರ್ಮ್‌ವೇರ್ ಬದಲಾದರೂ ಅಲ್ಲಿ ಇಟ್ಟದ್ದು ಉಳಿಯುತ್ತದೆ. ಎರಡು, ಎಸ್‌ಎಸ್‌ಎಚ್, ಅಂದರೆ ಕಂಪ್ಯೂಟರ್‌ನಿಂದ ರೌಟರ್ ಒಳಹೊಕ್ಕು ಆದೇಶ ಟೈಪ್ ಮಾಡುವ ದಾರಿ. ಇದಕ್ಕೆ "ಲ್ಯಾನ್ ಓನ್ಲಿ" ಆಯ್ಕೆ. ಹೊರಗಿನಿಂದಲೂ ಬರಬಹುದಲ್ಲ ಎಂದು ವ್ಯಾನ್ ಕೂಡ ತೆರೆದಿಟ್ಟರೆ ಬಾಗಿಲು ತಟ್ಟುವ ಬಾಟ್‌ಗಳಿಗೆ ಕೊನೆಯಿಲ್ಲ. ಅಪ್ಲೈ ಒತ್ತಿ, ರೌಟರ್ ಒಮ್ಮೆ ರೀಬೂಟ್ ಮಾಡಿ. ಅದೇ ಸುತ್ತಿನಲ್ಲಿ ಟೈಮ್‌ಝೋನ್ ಐದೂವರೆ ಗಂಟೆಯದೇ ಇದೆಯೇ ನೋಡಿ. ರಾತ್ರಿ ನಾಲ್ಕಕ್ಕೆ ಓಡಬೇಕಾದ ಕೆಲಸ ಬೆಳಿಗ್ಗೆ ಒಂಬತ್ತೂವರೆಗೆ, ಆಫೀಸ್ ಮೀಟಿಂಗ್ ನಡುವೆ ಓಡಿತೆಂದರೆ ಕಾರಣ ಇದೇ.

ಈಗ ಡಿಸ್ಕ್. ಇದರ ಮೇಲೆ ಎಂಟ್‌ವೇರ್ ಇರುತ್ತದೆ, ರ‍್ಯಾಮ್ ತುಂಬಿದಾಗ ನೆರವಿಗೆ ಬರುವ ಸ್ವ್ಯಾಪ್ ಇರುತ್ತದೆ, ಲಾಗ್ ಫೈಲ್‌ಗಳಿರುತ್ತವೆ. ಅಂದರೆ ಹಗಲೂ ರಾತ್ರಿ ಸಣ್ಣ ಸಣ್ಣ ಬರಹ. ಪೆನ್‌ಡ್ರೈವ್ ಹುಟ್ಟಿದ್ದು ಫೋಟೊ ಸಾಗಿಸಲು, ಇದಕ್ಕಲ್ಲ. ಉಗುರಿನಷ್ಟೇ ಇರುವ ಪುಟ್ಟ ಡ್ರೈವ್‌ಗಳು ಮುಟ್ಟಲಾಗದಷ್ಟು ಬಿಸಿಯಾಗುತ್ತವೆ. ಸವೆತ ಹಂಚುವ ಜಾಣತನ ಅವುಗಳ ಕಂಟ್ರೋಲರ್‌ನಲ್ಲಿ ಅಷ್ಟಕ್ಕಷ್ಟೆ. ಸಾಯುವಾಗ ಹೇಳಿ ಸಾಯುವುದಿಲ್ಲ, ಓದಲು ಬರುತ್ತದೆ, ಬರೆಯಲು ಬರುವುದಿಲ್ಲ. 120 ಅಥವಾ 128 ಜಿಬಿಯ ಹಳೆ ಸಾಟಾ ಎಸ್‌ಎಸ್‌ಡಿ, ಒಂದು ಯುಎಸ್‌ಬಿ ಕೇಸ್, ಇಷ್ಟು ಸಾಕು. ಲ್ಯಾಪ್‌ಟಾಪ್‌ನಿಂದ ತೆಗೆದಿಟ್ಟ ಎಸ್‌ಎಸ್‌ಡಿ ಮನೆಯಲ್ಲಿದ್ದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಕೆಲಸ ಬೇರೆ ಇಲ್ಲ. ತಿರುಗುವ ಹಾರ್ಡ್ ಡಿಸ್ಕ್ ಬೇಡ. ಯುಎಸ್‌ಬಿ 3 ಪೋರ್ಟ್‌ನ ಲೆಕ್ಕ 900 ಮಿಲಿಆಂಪ್. ಡಿಸ್ಕ್ ತಿರುಗಲು ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ಹೆಚ್ಚು ಎಳೆಯುವವು ಇವೆ, ಆಗ ಡಿಸ್ಕ್ ಬಂದು ಹೋಗಿ ಮಾಡುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಯುಎಸ್‌ಬಿ 3 ವೇಗದಲ್ಲಿ ದತ್ತಾಂಶ ಓಡುವಾಗ ಹುಟ್ಟುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬಂದು ಬೀಳುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿತ್ತು. ಡಿಸ್ಕ್ ಚುಚ್ಚಿದ ದಿನದಿಂದ ಸ್ಮಾರ್ಟ್ ಬಲ್ಬ್, ಹಳೆ ಪ್ರಿಂಟರ್, ಗೇಟಿನ ಕ್ಯಾಮೆರಾ ಕೈಕೊಡಲು ಶುರುವಾದರೆ ಅನುಮಾನ ಪಡಬೇಕಾದ್ದು ಇದರ ಮೇಲೆ. ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಮೋಡ್ ಇದ್ದರೆ 2.0ಕ್ಕೆ ಇಳಿಸಿ. ಎಂಟ್‌ವೇರ್‌ಗೂ ಸ್ವ್ಯಾಪ್‌ಗೂ ಆ ವೇಗ ಧಾರಾಳ. ವೇಗ ಬೇಕೇ ಬೇಕು ಎಂದರೆ ಒಳ್ಳೆಯ ಕವಚದ ಅರ್ಧ ಮೀಟರ್ ಕೇಬಲ್ ಹಾಕಿ ಡಿಸ್ಕನ್ನು ಆ್ಯಂಟೆನಾಗಳಿಂದ ದೂರ ಸರಿಸಿ. ರೌಟರ್ ತಲೆಯ ಮೇಲೆ ಡಿಸ್ಕ್ ಇಡುವ ಅಭ್ಯಾಸ ಎರಡಕ್ಕೂ ಒಳ್ಳೆಯದಲ್ಲ, ಒಂದಕ್ಕೆ ಬಿಸಿ, ಇನ್ನೊಂದಕ್ಕೆ ಗದ್ದಲ.

ಫಾರ್ಮ್ಯಾಟ್ ಮಾಡಬೇಕಾದ್ದು ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4ಗೆ. ಫ್ಯಾಟ್32, ಎನ್‌ಟಿಎಫ್‌ಎಸ್ ಎರಡೂ ಇಲ್ಲಿ ಕೆಲಸಕ್ಕೆ ಬಾರವು. ಎಂಟ್‌ವೇರ್‌ಗೆ ಲಿನಕ್ಸ್‌ನ ಸಿಮ್‌ಲಿಂಕ್ (ಇನ್ನೊಂದು ಫೈಲ್‌ನತ್ತ ಕೈತೋರುವ ಕೊಂಡಿ) ಬೇಕು, ಫೈಲ್ ಅನುಮತಿಗಳು ಬೇಕು. ಲಿನಕ್ಸ್ ಕಂಪ್ಯೂಟರ್ ಇದ್ದವರು ಅದರಲ್ಲೇ ಎಕ್ಸ್‌ಟಿ4 ಮಾಡಿಕೊಂಡು ತರುತ್ತಾರೆ, ಹಳೆ ರೌಟರ್ ಅದನ್ನು ಮುಟ್ಟುವುದಿಲ್ಲ. ಎಸಿ68ಯುನ ಕರ್ನಲ್ (ಫರ್ಮ್‌ವೇರ್‌ನ ಲಿನಕ್ಸ್ ತಿರುಳು) 2.6.36. ಇಂದಿನ ಲಿನಕ್ಸ್ ತಾನಾಗಿ ಹಾಕುವ ಮೆಟಾಡೇಟಾ ಚೆಕ್‌ಸಮ್ ಸೌಲಭ್ಯ ಆ ಕರ್ನಲ್‌ಗೆ ಗೊತ್ತೇ ಇಲ್ಲ. ಆದ್ದರಿಂದ ರೌಟರ್‌ನಲ್ಲೇ, ಎಎಂಟಿಎಂ ಮೂಲಕವೇ ಫಾರ್ಮ್ಯಾಟ್ ಮಾಡುವುದು ಕ್ಷೇಮ.

ಎಎಂಟಿಎಂ ಎಂಬುದು ಟರ್ಮಿನಲ್ ಮೆನು. 384.15ನೇ ಆವೃತ್ತಿಯಿಂದ ಮರ್ಲಿನ್ ಜೊತೆಗೇ ಬರುತ್ತದೆ, ಬೇರೆ ಇಳಿಸಿಕೊಳ್ಳುವ ಗೋಜಿಲ್ಲ. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ಆ ನಾಲ್ಕು ಅಕ್ಷರ ಟೈಪ್ ಮಾಡಿದರೆ ಪಟ್ಟಿ ಎದುರಿಗೆ ನಿಲ್ಲುತ್ತದೆ. ಇಲ್ಲಿ ಕ್ರಮ ಮುಖ್ಯ: ಮೊದಲು ಎಫ್‌ಡಿ, ಅಂದರೆ ಫಾರ್ಮ್ಯಾಟ್. ಆಮೇಲೆ ಡಿಸಿ, ಬೂಟ್ ಆಗುವಾಗಲೆಲ್ಲ ಡಿಸ್ಕ್ ತಪಾಸಣೆ. ನಂತರ ಎಸ್‌ಡಬ್ಲ್ಯು, ಸ್ವ್ಯಾಪ್ ಫೈಲ್. ಕೊನೆಗೆ ಇಪಿ, ಎಂಟ್‌ವೇರ್. ಇಷ್ಟಾದ ಮೇಲೆ ಒಂದು ರೀಬೂಟ್, ಎಲ್ಲವೂ ತಾನಾಗಿ ಎದ್ದು ನಿಂತಿತೇ ಎಂದು ಪರೀಕ್ಷೆ, ಆಮೇಲಷ್ಟೇ ಉಳಿದ ಸ್ಕ್ರಿಪ್ಟ್‌ಗಳು. ಅವಸರದಲ್ಲಿ ಎಲ್ಲವನ್ನೂ ಒಂದೇ ಸಂಜೆ ತುಂಬಿದರೆ ಯಾವುದು ಕೆಟ್ಟಿತು ಎಂದು ಹುಡುಕಲು ಒಂದು ಭಾನುವಾರ ಬೇಕಾಗುತ್ತದೆ.

ಫಾರ್ಮ್ಯಾಟ್ ಮಾಡುವಾಗ ಜರ್ನಲಿಂಗ್ ಬೇಕೇ ಎಂದು ಕೇಳುತ್ತದೆ, ಅಂದರೆ ಬದಲಾವಣೆಯನ್ನು ಮೊದಲು ಟಿಪ್ಪಣಿ ಮಾಡಿಟ್ಟು ಆಮೇಲೆ ಬರೆಯುವ ಕ್ರಮ. ಪೆನ್‌ಡ್ರೈವ್ ಸವೆಯುತ್ತದೆಂದು ಬೇಡ ಎನ್ನುವವರಿದ್ದಾರೆ. ಹೇಳದೆ ಕೇಳದೆ ಕರೆಂಟ್ ಹೋಗುವ ಊರಿನಲ್ಲಿ ಇರುವವರು ಬೇಕು ಎನ್ನಿ. ಲೇಬಲ್ ಕೇಳುತ್ತದೆ, ಚಿಕ್ಕದಾಗಿ, ಖಾಲಿ ಜಾಗವಿಲ್ಲದೆ ಕೊಡಿ. ಲೇಬಲ್ ಇಲ್ಲದಿದ್ದರೆ ಡಿಸ್ಕ್ ಎಸ್‌ಡಿಎ1 ಎಂದು ಕೂರುತ್ತದೆ. ಎರಡನೇ ಡಿಸ್ಕ್ ಚುಚ್ಚಿ ರೀಬೂಟ್ ಮಾಡಿದ ದಿನ ಅದೇ ಎಸ್‌ಡಿಬಿ1 ಆಗಬಹುದು, ದಾರಿ ನಂಬಿ ಕೂತ ಸ್ಕ್ರಿಪ್ಟ್‌ಗಳೆಲ್ಲ ಅನಾಥ.

ಸ್ವ್ಯಾಪ್ 2 ಜಿಬಿ ಕೊಡಿ. 1 ಜಿಬಿ ರ‍್ಯಾಮ್ ಇರುವ ರೌಟರ್‌ನಲ್ಲಿ ದಿನನಿತ್ಯ ಅದನ್ನು ಮುಟ್ಟುವುದೂ ಅಪರೂಪ. ಲಕ್ಷಗಟ್ಟಲೆ ಸಾಲಿನ ಜಾಹೀರಾತು ತಡೆಪಟ್ಟಿಯನ್ನು ವಿಂಗಡಿಸುವ ಆ ಒಂದೆರಡು ನಿಮಿಷಕ್ಕೆ ಅದು ಬೇಕು. ಇಲ್ಲದಿದ್ದರೆ ಕರ್ನಲ್ ಯಾವುದೋ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ, ಅದು ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಆಗಿದ್ದರೆ ಮನೆಯವರೆಲ್ಲ ನಿಮ್ಮ ಮುಖ ನೋಡುತ್ತಾರೆ. 2 ಜಿಬಿ ಫೈಲ್ ಸೃಷ್ಟಿಯಾಗಲು ನಿಧಾನದ ಡ್ರೈವ್‌ನಲ್ಲಿ ನಿಮಿಷಗಳೇ ಹಿಡಿಯುತ್ತವೆ. ಪರದೆ ಅಲುಗಾಡದೆ ನಿಂತಿದೆ ಎಂದು ಕಿಟಕಿ ಮುಚ್ಚಬೇಡಿ.

ಇದೆಲ್ಲ ಮುಗಿದ ಮೇಲೆ ಜೆಎಫ್‌ಎಫ್‌ಎಸ್ ಒಳಗಿನ ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಪೋಸ್ಟ್-ಮೌಂಟ್ ಎಂಬ ಫೈಲ್ ತೆರೆದು ಒಮ್ಮೆ ಓದಿ. ಇಡೀ ವ್ಯವಸ್ಥೆಯ ಬೆನ್ನುಮೂಳೆ ಇದೇ. ಡಿಸ್ಕ್ ಮೌಂಟ್ ಆದ (ಬಳಕೆಗೆ ಜೋಡಣೆಯಾದ) ಕೂಡಲೇ ರೌಟರ್ ಇದನ್ನು ಕರೆಯುತ್ತದೆ. ಮೊದಲ ಸಾಲು ಶೆಲ್ ಹೆಸರು, ಅಂದರೆ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಮಿನದು. ಎರಡನೆಯದು ಸ್ವ್ಯಾಪ್ ಹೊತ್ತಿಸುವ ಸಾಲು. ಮೂರನೆಯದು ಎಂಟ್‌ವೇರ್ ಎಬ್ಬಿಸುವ ಸಾಲು. ಅದರ ಕೆಳಗೆ ಮಿಕ್ಕ ಸ್ಕ್ರಿಪ್ಟ್‌ಗಳ ಸಾಲುಗಳು. ಸ್ವ್ಯಾಪ್ ಯಾವಾಗಲೂ ಮೇಲಿರಬೇಕು. ಪ್ರತಿ ಸಾಲಿನ ಬಾಲದಲ್ಲಿ ಹ್ಯಾಶ್ ಹಾಕಿ "ಇದನ್ನು ಸೇರಿಸಿದ್ದು ಇಂಥವರು" ಎಂಬ ಟಿಪ್ಪಣಿ ಇರುತ್ತದೆ. ಅಂದಕ್ಕೆಂದು ಅದನ್ನು ಅಳಿಸಬೇಡಿ, ಸ್ಕ್ರಿಪ್ಟ್ ತೆಗೆಯುವಾಗ ತನ್ನ ಸಾಲು ಯಾವುದೆಂದು ಗುರುತಿಸುವುದು ಆ ಬಾಲ ಹಿಡಿದೇ. ಇನ್ನೊಂದು, ಕೈಬರಹದ ಸ್ಕ್ರಿಪ್ಟ್‌ನ ಕೊನೆಗೆ ಎಕ್ಸಿಟ್ ಸೊನ್ನೆ ಬರೆಯುವ ಶಿಸ್ತಿನವರು ಇಲ್ಲಿ ಆ ಶಿಸ್ತು ಬಿಡಬೇಕು. ಹೊಸದಾಗಿ ಸೇರುವ ಸಾಲು ಅದರ ಕೆಳಗೆ ಬಂದು ಕೂರುತ್ತದೆ, ಎಂದಿಗೂ ಓಡುವುದಿಲ್ಲ.

ಸ್ವಂತ ಸ್ಕ್ರಿಪ್ಟ್ ಬರೆಯುವವರ ಪಾಲಿಗೆ ಕಾಯ್ದಿರುವ ಗುಂಡಿ ಮತ್ತೊಂದಿದೆ. ಫೈಲ್ ಕಣ್ಣೆದುರಿಗೇ ಇದೆ, ಹೆಸರು ಸರಿ ಇದೆ, ಅನುಮತಿ ಕೊಟ್ಟಾಗಿದೆ, ಓಡಿಸಿದರೆ "ನಾಟ್ ಫೌಂಡ್" ಎನ್ನುತ್ತದೆ. ವಿಂಡೋಸ್‌ನಲ್ಲಿ ತಿದ್ದಿದ ಫೈಲ್‌ನ ಪ್ರತಿ ಸಾಲಿನ ಕೊನೆಯಲ್ಲೂ ಕಾಣದ ಒಂದು ಅಕ್ಷರ ಅಂಟಿಕೊಂಡಿರುತ್ತದೆ. ಮೊದಲ ಸಾಲಿನ ಶೆಲ್ ಹೆಸರಿಗೂ ಅದು ಅಂಟಿದಾಗ ರೌಟರ್ ಹುಡುಕುವುದು ಇಲ್ಲದ ಶೆಲ್ಲನ್ನು. ಸಿಗಲಿಲ್ಲ ಎಂದು ಅದು ಹೇಳುವುದು ನಿಮ್ಮ ಫೈಲನ್ನಲ್ಲ, ಆ ಶೆಲ್ಲನ್ನು. ಡಾಸ್2ಯುನಿಕ್ಸ್ ಓಡಿಸಿದರೆ ಸರಿಹೋಗುತ್ತದೆ. ಎಂಟ್‌ವೇರ್‌ನಿಂದ ನ್ಯಾನೊ ಎಡಿಟರ್ ಹಾಕಿಕೊಂಡು ರೌಟರ್‌ನಲ್ಲೇ ತಿದ್ದಿದರೆ ಈ ಪೀಡೆಯೇ ಇಲ್ಲ. ವಿಂಡೋಸ್‌ನಿಂದ ಫೈಲ್ ಸಾಗಿಸಲು ವಿನ್‌ಎಸ್‌ಸಿಪಿ ಬಳಸುವವರು ಎಸ್‌ಎಫ್‌ಟಿಪಿ ಬಿಟ್ಟು ಎಸ್‌ಸಿಪಿ ಆರಿಸಬೇಕು. ರೌಟರ್‌ನ ಎಸ್‌ಎಸ್‌ಎಚ್ ಜೊತೆ ಎಸ್‌ಎಫ್‌ಟಿಪಿ ಸರ್ವರ್ ಬರುವುದಿಲ್ಲ, ಬೇಕಿದ್ದರೆ ಎಂಟ್‌ವೇರ್‌ನಿಂದ ಹಾಕಿಕೊಳ್ಳಬೇಕು. ಹಾಗೆಯೇ ಇಲ್ಲಿರುವುದು ಬಿಸಿಬಾಕ್ಸ್‌ನ ಸರಳ ಶೆಲ್, ಬ್ಯಾಷ್ ಅಲ್ಲ. ಇಂಟರ್‌ನೆಟ್‌ನಿಂದ ನಕಲು ಮಾಡಿ ತಂದ ಬ್ಯಾಷ್ ಸಾಲುಗಳು ಅರ್ಧ ಓಡಿ ಅರ್ಧ ಮುಗ್ಗರಿಸುತ್ತವೆ.

ಸಮಯಕ್ಕೆ ಸರಿಯಾಗಿ ಓಡುವ ಕೆಲಸಕ್ಕೆ ಸಿಆರ್‌ಯು ಎಂಬ ಆದೇಶವಿದೆ. ಭಾನುವಾರ ಮುಂಜಾನೆ ನಾಲ್ಕಕ್ಕೆ ಎಂದರೆ: ಸೊನ್ನೆ, ನಾಲ್ಕು, ನಕ್ಷತ್ರ, ನಕ್ಷತ್ರ, ಸೊನ್ನೆ. ಆದರೆ ಈ ಪಟ್ಟಿ ರ‍್ಯಾಮ್‌ನಲ್ಲಿ ಇರುವುದು, ರೀಬೂಟ್ ಆದರೆ ಅಳಿಸಿಹೋಗುತ್ತದೆ. ಅದೇ ಸಾಲನ್ನು ಸರ್ವಿಸಸ್-ಸ್ಟಾರ್ಟ್ ಫೈಲ್‌ನಲ್ಲೂ ಇಟ್ಟರೆ ಮಾತ್ರ ಉಳಿಯುತ್ತದೆ. ರೌಟರ್‌ಗೆ ಬ್ಯಾಟರಿ ಗಡಿಯಾರವಿಲ್ಲ ಎಂಬುದೂ ನೆನಪಿರಲಿ. ಈ ಪೀಳಿಗೆಯ ಆಸುಸ್ ರೌಟರ್‌ಗಳ ಲಾಗ್‌ನಲ್ಲಿ ಬೂಟ್ ಆದ ಮೊದಲ ಸಾಲುಗಳಿಗೆಲ್ಲ ಮೇ 5 ಎಂಬ ದಿನಾಂಕ ಬೀಳುತ್ತದೆ. ಯಾರೋ ಒಳಹೊಕ್ಕಿದ್ದಾರೆ ಎಂದು ಗಾಬರಿಯಾಗುವುದು ಬೇಡ, ಇಂಟರ್‌ನೆಟ್‌ನಿಂದ ಸಮಯ ಸಿಗುವವರೆಗೆ ಅದಕ್ಕೆ ಗೊತ್ತಿರುವ ತಾರೀಖು ಅದೊಂದೇ. ಆ ಹೊತ್ತಿನಲ್ಲೇ ಏನನ್ನಾದರೂ ಡೌನ್‌ಲೋಡ್ ಮಾಡಲು ಹೊರಟ ಸ್ಕ್ರಿಪ್ಟ್, ಪ್ರಮಾಣಪತ್ರದ ತಾರೀಖು ಹೊಂದದೆ ಸೋಲುತ್ತದೆ.

ಯಾವ ಸ್ಕ್ರಿಪ್ಟ್ ಇಟ್ಟುಕೊಳ್ಳಬೇಕು? ಡೈವರ್ಷನ್, ನಿಸ್ಸಂಶಯವಾಗಿ. ಡಿಎನ್‌ಎಸ್ ಹಂತದಲ್ಲೇ ಜಾಹೀರಾತು ಡೊಮೇನ್‌ಗಳನ್ನು ತಡೆಯುತ್ತದೆ, ಟಿವಿಗೂ ಅಜ್ಜಿಯ ಫೋನಿಗೂ ಬೇರೆ ಬೇರೆ ಆ್ಯಪ್ ಬೇಡ. ಸ್ಟ್ಯಾಂಡರ್ಡ್ ಪಟ್ಟಿ ಸಾಕು, ದೊಡ್ಡ ಪಟ್ಟಿ ಹಾಕಿದಷ್ಟೂ ದೂರು ಜಾಸ್ತಿ. ಯೂಟ್ಯೂಬ್ ಜಾಹೀರಾತು ಇದರಿಂದ ಹೋಗುವುದಿಲ್ಲ, ವಿಡಿಯೊ ಬರುವ ಡೊಮೇನ್‌ನಿಂದಲೇ ಅದೂ ಬರುವುದರಿಂದ ಡಿಎನ್‌ಎಸ್‌ಗೆ ವ್ಯತ್ಯಾಸ ಗೊತ್ತಾಗದು. ಯಾವುದಾದರೂ ಆ್ಯಪ್‌ನಲ್ಲಿ ಒಂದು ಪುಟ ತೆರೆಯದಿದ್ದರೆ ಡೈವರ್ಷನ್ ಮೆನುವಿನಲ್ಲಿ ಎಫ್ ಒತ್ತಿ ಲಾಗ್ ಓಡಲು ಬಿಡಿ, ಫೋನಿನಲ್ಲಿ ಆ ಪುಟ ಮತ್ತೆ ತೆರೆಯಿರಿ, ತಡೆದದ್ದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಆ ಒಂದು ಡೊಮೇನ್‌ಗೆ ಅನುಮತಿ ಕೊಟ್ಟರೆ ಮುಗಿಯಿತು. ಏನೇ ಹಾಕಿದರೂ ಜಾಹೀರಾತು ಬರುತ್ತಲೇ ಇದ್ದರೆ ಫೋನಿನ ಪ್ರೈವೇಟ್ ಡಿಎನ್‌ಎಸ್ ನೋಡಿ, ಬ್ರೌಸರ್ ತನ್ನದೇ ಡಿಎನ್‌ಎಸ್ ಬಳಸುತ್ತಿದೆಯೇ ನೋಡಿ. ಮರ್ಲಿನ್‌ನ ಡಿಎನ್‌ಎಸ್ ಡೈರೆಕ್ಟರ್ ಸಾಮಾನ್ಯ ಡಿಎನ್‌ಎಸ್ ಕೋರಿಕೆಗಳನ್ನೆಲ್ಲ ರೌಟರ್ ಕಡೆಗೇ ತಿರುಗಿಸುತ್ತದೆ, ಅದನ್ನೂ ಹಚ್ಚಿಡಿ; ಬ್ರೌಸರ್‌ನ ಗೂಢಲಿಪಿ ಡಿಎನ್‌ಎಸ್ ಮಾತ್ರ ಅದರ ಕೈಗೆ ಸಿಗದು, ಅದನ್ನು ಬ್ರೌಸರ್‌ನಲ್ಲೇ ಆರಿಸಬೇಕು.

ಸ್ಕೈನೆಟ್ ಬಗ್ಗೆ ಉತ್ಸಾಹ ಕಡಿಮೆ. ಕೆಟ್ಟ ಐಪಿಗಳ ದೊಡ್ಡ ಪಟ್ಟಿ ಇಟ್ಟುಕೊಂಡು ಒಳಬರುವವರನ್ನೂ ಹೊರಹೋಗುವವರನ್ನೂ ತಡೆಯುವ ಫೈರ್‌ವಾಲ್ ಅದು, ಕೆಲಸ ಅಚ್ಚುಕಟ್ಟು. ಆದರೆ ನಮ್ಮಲ್ಲಿ ಮನೆ ಬ್ರಾಡ್‌ಬ್ಯಾಂಡ್ ಬಹಳಷ್ಟು ಸಿಜಿನ್ಯಾಟ್ ಹಿಂದೆ ಇರುತ್ತದೆ, ನೂರಾರು ಮನೆಗೆ ಒಂದೇ ಸಾರ್ವಜನಿಕ ಐಪಿ. ರೌಟರ್‌ನ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಆ ಗುಂಪಿನವರು. ಹೊರಗಿನ ಬಾಟ್‌ಗಳು ನಿಮ್ಮ ಬಾಗಿಲಿಗೆ ಬರುವುದೇ ಇಲ್ಲ, ಬರದವರನ್ನು ತಡೆಯಲು ಕಾವಲುಗಾರ ಯಾಕೆ? ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ಪಡೆದವರು ಹಾಕಿಕೊಳ್ಳಿ. ಇಡೀ ದೇಶಗಳನ್ನೇ ನಿಷೇಧಿಸುವ ಆಯ್ಕೆ ಇದೆ, ಆ ಚಪಲ ಬೇಡ. ಯಾವ ಜಾಲತಾಣದ ಚಿತ್ರ ಯಾವ ದೇಶದ ಸರ್ವರ್‌ನಿಂದ ಬರುತ್ತದೋ ಹೇಳಲಾಗದು.

ಅತಿಥಿ ಜಾಲಕ್ಕೆ ಯಾಜ್‌ಫೈ ಚೆನ್ನಾಗಿದೆ. ಫರ್ಮ್‌ವೇರ್‌ನ 3006 ಸರಣಿಗೆ ಹೋದ ಹೊಸ ಮಾದರಿಗಳಲ್ಲಿ ಅದು ಓಡುವುದಿಲ್ಲ, ಅಲ್ಲಿ ಅತಿಥಿ ಜಾಲದ ವ್ಯವಸ್ಥೆಯೇ ಬೇರೆ. ಗ್ರಾಫ್ ಬಿಡಿಸುವ, ವೇಗ ಅಳೆಯುವ ಮಿಕ್ಕ ಸ್ಕ್ರಿಪ್ಟ್‌ಗಳು ಮೊದಲ ವಾರ ನೋಡಲು ಚೆಂದ, ಆಮೇಲೆ ಯಾರೂ ನೋಡುವುದಿಲ್ಲ, ಡಿಸ್ಕ್ ಮಾತ್ರ ಬರೆಸಿಕೊಳ್ಳುತ್ತಲೇ ಇರುತ್ತದೆ.

ಅದೇ ಡಿಸ್ಕನ್ನು ಮನೆಯ ಫೈಲ್ ಸರ್ವರ್ ಮಾಡಬಹುದೇ ಎಂದು ಕೇಳುವವರಿಗೆ: ಮಾಡಬಹುದು, ಬೇಡ. ಫೈಲ್ ಹಂಚುವ ಸಾಂಬಾ ಹಚ್ಚಿ ಎಸ್‌ಎಂಬಿ2 ಆಯ್ದುಕೊಂಡರೆ ವಿಂಡೋಸ್‌ಗೆ ಕಾಣುತ್ತದೆ. ಗಿಗಾಬಿಟ್ ತಂತಿಯ ಮೇಲೆ ಸೆಕೆಂಡಿಗೆ 110 ಎಂಬಿ ಆಸುಪಾಸು ಮೇಲ್ಮಿತಿ. ಸಿನಿಮಾ ನೋಡಲು, ಫೋಟೊ ಪ್ರತಿ ಇಡಲು ಅಡ್ಡಿಯಿಲ್ಲ. ಆದರೆ ಎಂಟ್‌ವೇರ್ ಇರುವ ಡಿಸ್ಕ್ ಮಕ್ಕಳ ಕೈಗೂ ಸಿಗಬಾರದು, "ಜಾಗ ಮಾಡೋಣ" ಎನ್ನುವವರ ಕೈಗೂ ಸಿಗಬಾರದು. ಎರಡನೇ ಪೋರ್ಟ್ ಖಾಲಿ ಇದೆಯಲ್ಲ, ಬೇರೆ ಡಿಸ್ಕ್ ಹಾಕಿ.

ಇನ್ನು ಕರೆಂಟ್. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಿನಿ ಯುಪಿಎಸ್ ಹೆಚ್ಚಾಗಿ 12 ವೋಲ್ಟಿನದು. ಎಎಕ್ಸ್86ಯು ಅಡಾಪ್ಟರ್ 19 ವೋಲ್ಟ್, 2.37 ಆಂಪ್, ಅಂದರೆ 45 ವ್ಯಾಟ್. ಪಿನ್ ಹೇಗೋ ಕೂರುತ್ತದೆಂದು ಸಿಕ್ಕಿಸಬೇಡಿ. ಮನೆಯ ಇನ್ವರ್ಟರ್ ಲೈನಿಗೆ ಕೊಟ್ಟರೂ ಕರೆಂಟ್ ಹೋದ ಕ್ಷಣಕ್ಕೆ ರೌಟರ್ ರೀಬೂಟ್ ಆಗುತ್ತಿದ್ದರೆ ಇನ್ವರ್ಟರ್ ಮೇಲಿನ ಸಣ್ಣ ಸ್ವಿಚ್ ನೋಡಿ. ಸಾಮಾನ್ಯ ಮೋಡ್‌ನಿಂದ ಯುಪಿಎಸ್ ಮೋಡ್‌ಗೆ ತಳ್ಳಿದರೆ ಬದಲಾವಣೆ ಬೇಗ ಆಗುತ್ತದೆ, ರೌಟರ್‌ಗೆ ಗೊತ್ತೇ ಆಗುವುದಿಲ್ಲ. ಈ ಒಂದು ಸ್ವಿಚ್ ಡಿಸ್ಕಿನ ಆಯುಸ್ಸನ್ನು ಯಾವ ಸ್ಕ್ರಿಪ್ಟ್‌ಗಿಂತ ಹೆಚ್ಚು ಕಾಪಾಡುತ್ತದೆ.

ಡಿಸ್ಕನ್ನು ತಟಕ್ಕನೆ ಕಿತ್ತರೆ ಅಥವಾ ಅದು ಒಂದು ಕ್ಷಣ ಸಂಪರ್ಕ ಕಳೆದುಕೊಂಡರೆ ಹುಟ್ಟುವ ರೋಗಕ್ಕೆ ಗುರುತು ಸುಲಭ. ಮೌಂಟ್ ಪಟ್ಟಿಯಲ್ಲಿ ಲೇಬಲ್ ಮುಂದೆ ಕಂಸದಲ್ಲಿ 1 ಎಂದು ಸೇರಿರುತ್ತದೆ. ಹಳೆ ಹೆಸರಿನ ಫೋಲ್ಡರ್ ಅಳಿಯದೆ ಉಳಿದಿದ್ದರಿಂದ ರೌಟರ್ ಹೊಸ ಹೆಸರು ಕೊಟ್ಟಿದೆ. ಸ್ಕ್ರಿಪ್ಟ್‌ಗಳು ಹಳೆ ದಾರಿಯಲ್ಲೇ ಹುಡುಕುತ್ತಿವೆ. ಡಿಸ್ಕನ್ನು ಕ್ರಮವಾಗಿ ಇಜೆಕ್ಟ್ ಮಾಡಿ, ರೌಟರ್ ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಹೆಸರು ಸರಿಹೋಗುತ್ತದೆ. ಪದೇ ಪದೇ ಬರುತ್ತಿದ್ದರೆ ಕೇಬಲ್ ಇಲ್ಲವೇ ಕೇಸ್ ಸಡಿಲ. ಇನ್ನೊಂದು ರೋಗ ಮೌನಿ: ತಡೆಪಟ್ಟಿ ವಾರದಿಂದ ಹೊಸದಾಗಿಲ್ಲ, ಲಾಗ್ ಬುಧವಾರಕ್ಕೇ ನಿಂತಿದೆ, ಆದರೆ ಇಂಟರ್‌ನೆಟ್ ಚೆನ್ನಾಗಿಯೇ ಇದೆ. ಡಿಮೆಸೇಜ್ (dmesg) ಆದೇಶ ಕೊಟ್ಟು ಕರ್ನಲ್ ಸಂದೇಶ ಓದಿ. ಎಕ್ಸ್‌ಟಿ4 ದೋಷ, ಅದರ ಹಿಂದೆಯೇ "ರೀಡ್ ಓನ್ಲಿ" ಎಂಬ ಮಾತು ಕಂಡರೆ ಡಿಸ್ಕ್ ಬರೆಯುವುದನ್ನು ನಿಲ್ಲಿಸಿಬಿಟ್ಟಿದೆ. ಒಮ್ಮೆ ರೀಬೂಟ್ ಮಾಡಿ ಡಿಸ್ಕ್ ತಪಾಸಣೆ ಓಡಲಿ. ತಿಂಗಳೊಳಗೆ ಮತ್ತೆ ಅದೇ ಸಾಲು ಬಂದರೆ ಹೊಸ ಡಿಸ್ಕ್ ತನ್ನಿ, ಚೌಕಾಸಿ ಬೇಡ.

ಆ ದಿನಕ್ಕೆ ತಯಾರಿ ಈಗಲೇ ಇರಲಿ. ಅಡ್ಮಿನಿಸ್ಟ್ರೇಷನ್‌ನ ರೀಸ್ಟೋರ್ ಪುಟದಲ್ಲಿ ಎರಡು ಬೇರೆ ಬೇರೆ ಗುಂಡಿಗಳಿವೆ, ಒಂದು ಸೆಟ್ಟಿಂಗ್‌ಗಳದು, ಇನ್ನೊಂದು ಜೆಎಫ್‌ಎಫ್‌ಎಸ್‌ನದು. ಮೊದಲನೆಯದನ್ನಷ್ಟೇ ಒತ್ತಿ ಬ್ಯಾಕಪ್ ಆಯಿತು ಎಂದುಕೊಂಡವರ ಸ್ಕ್ರಿಪ್ಟ್‌ಗಳು ಅದರಲ್ಲಿ ಇರುವುದೇ ಇಲ್ಲ. ಎರಡನ್ನೂ ಒತ್ತಿ, ಫೈಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಇಡಿ. ಡಿಸ್ಕ್ ಮೇಲಿನ ಎಂಟ್‌ವೇರ್ ಫೋಲ್ಡರನ್ನು ಟಾರ್ ಎಂಬ ಒಂದೇ ಕಟ್ಟಿನ ಫೈಲ್ ಮಾಡಿಡಿ, ಬರಿದೇ ವಿಂಡೋಸ್‌ಗೆ ನಕಲು ಮಾಡಿದರೆ ಸಿಮ್‌ಲಿಂಕ್‌ಗಳು ಉಳಿಯುವುದಿಲ್ಲ. ಹೊಸ ಎಸ್‌ಎಸ್‌ಡಿ ಬಂದಾಗ ಎಎಂಟಿಎಂನಲ್ಲೇ ಫಾರ್ಮ್ಯಾಟ್ ಮಾಡಿ, ಹಳೆಯದರ ಲೇಬಲ್ಲನ್ನೇ ಅಕ್ಷರಶಃ ಅದಕ್ಕೂ ಕೊಡಿ, ಟಾರ್ ಬಿಚ್ಚಿ, ಸ್ವ್ಯಾಪ್ ಹೊಸದಾಗಿ ಮಾಡಿ, ರೀಬೂಟ್. ಸ್ಕ್ರಿಪ್ಟ್‌ಗಳಿಗೆ ಡಿಸ್ಕ್ ಬದಲಾದದ್ದು ಗೊತ್ತೂ ಆಗುವುದಿಲ್ಲ.